ಲಗ್ನಪತ್ರಿಕೆ ಹಂಚುವ ದಾರಿಯಲ್ಲಿ ಸಿಕ್ಕ ಬಿರಾದಾರ್

ತಂಗಿಯ ಮದುವೆಗೆ ಪತ್ರಿಕೆ ಹಂಚೋಕೆ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಮುಗೀತಲ್ಲ ಅಂದಿದ್ದಕ್ಕೆ ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ನಮ್ಮ ಕಡೆ ಪತ್ರಿಕೆಯ ಮೂಲೆಗೆ ಅರಿಶಿಣ ಹಚ್ಚಿ, ಮನೆಗೆ ಹೋಗಿ, ಚಾ ಕುಡಿದು, ಕೈಯಾರೆ ಕೊಟ್ಟರೇ ಕರೆದ ಹಾಗೆ. ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಬೀಗರಿದ್ದರು. ಜೊತೆಗೆ ಕಾಕಾ. ಬಾಡಿಗೆ ಕಾರು ಓಡಿಸುವವನು ನಾನು, ದಾರಿ ತೋರಿಸುವವರು ಅವರು. ಗೂಗಲ್ ಮ್ಯಾಪ್ ಹಾಕಿದರೆ ಅವರಿಗೆ ಸಿಟ್ಟು.

ಪಟ್ಟಿ ಓದುತ್ತಾ ಹೋದರೆ ಐದು ಮನೆ ಬಿರಾದಾರರದ್ದೇ. ನಮ್ಮ ಭಾಗದಲ್ಲಿ ಈ ಅಡ್ಡಹೆಸರಿಲ್ಲದ ಊರು ಕಡಿಮೆ. "ಸಿನಿಮಾದ ಬಿರಾದಾರ್ ಗೊತ್ತಲ್ಲಾ ಕಾಕಾ?" ಅಂದೆ, ಸುಮ್ಮನೆ ಮಾತಿಗೆ. ಕಾಕಾ ಕಿಟಕಿ ಕಡೆ ತಿರುಗಿ, "ವೈಜನಾಥ ಬಿರಾದಾರ್ ಏನು? ಅವರು ಉಳದ್ರು, ನಾ ಓಡಿ ಬಂದೆ" ಅಂದರು.

ಕಾಕಾ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಜಾತ್ರೆ ಬಂದರೆ ಊರವರೇ ಸೇರಿ ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಆಡುತ್ತಿದ್ದರಂತೆ. ಅದೇ ನಾಟಕ 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಗಿತ್ತು. ನನಗೆ ಗೊತ್ತಿಲ್ಲದಿದ್ದದ್ದು, ಕಾಕಾ ಒಮ್ಮೆ ಬೆಂಗಳೂರಿಗೂ ಹೋಗಿದ್ದರು ಅನ್ನೋದು. ಗಾಂಧಿನಗರದಲ್ಲಿ ನಾಲ್ಕು ತಿಂಗಳು ಅಲೆದು, ಒಂದು ದಿನದ ಶೂಟಿಂಗ್‌ನಲ್ಲಿ ಕುಡುಕನ ಪಾತ್ರ ಮಾಡಿ, ಅದೂ ಎಡಿಟಿಂಗ್‌ನಲ್ಲಿ ಹೋಗಿ, ವಾಪಸ್ ಬಂದಿದ್ದರು.

"ಯಾಕ ಬಂದ್ರಿ?"

"ನಾ ಬಾಯಿ ತೆಗದ್ರ ಸಾಕು, ಮಂದಿ ನಗ್ತಿದ್ರು ತಮ್ಮಾ. ಡೈಲಾಗಿಗಿ ಅಲ್ಲ, ಮಾತಿಗಿ."

ನಾನು ಸುಮ್ಮನಾದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಟಿಂಗ್‌ಗೆ ಕರೆದವರಿಗೆ "ಬರ್ಲತ್ತೀನಿ" ಅಂದಿದ್ದೆ. ಒಂದು ವಾರ ನಮ್ಮ ಟೀಮಿನಲ್ಲಿ ಅದೇ ಜೋಕು. ಅದಾದ ಮೇಲೆ ಆಫೀಸಿಗೊಂದು ಕನ್ನಡ, ಅವ್ವನ ಫೋನಿಗೊಂದು ಕನ್ನಡ ಇಟ್ಟುಕೊಂಡಿದ್ದೇನೆ. ಈಗಲೂ ಅವ್ವನ ಫೋನ್ ಬಂದರೆ ಸೀಟಿನಿಂದ ಎದ್ದು ಹೊರಗೆ ಹೋಗುತ್ತೇನೆ.

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ನಾವು ಅಲ್ಲಿ ಮುಟ್ಟುವಾಗ ಮಧ್ಯಾಹ್ನ. ದತ್ತನ ಗುಡಿಯ ಬೀದಿಯಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿದವರೂ ಜೋಳಿಗೆ ಹಿಡಿದು ಮನೆ ಮನೆ ಮುಂದೆ ನಿಂತಿದ್ದರು. ಅಲ್ಲಿ ಅದಕ್ಕೆ ಮಧುಕರಿ ಅನ್ನುತ್ತಾರೆ. ದತ್ತ ಈ ಹೊತ್ತಿಗೆ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಅನ್ನೋ ನಂಬಿಕೆ. ಕಾಕಾ ನಕ್ಕರು. "ನೋಡು, ಇಲ್ಲಿ ಭಿಕ್ಷುಕ ಅಂದ್ರ ದೇವರು ಇದ್ರೂ ಇರಬಹುದು. ಸಿನಿಮಾದಾಗ ಭಿಕ್ಷುಕ ಅಂದ್ರ ಬರೇ ಕಾಮಿಡಿ."

ಮಾತು ಮತ್ತೆ ಬಿರಾದಾರ್ ಹತ್ತಿರ ಬಂತು. ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ತೇಗಂಪುರದವರು. ನಾಟಕದಿಂದ ಸಿನಿಮಾಕ್ಕೆ ಹೋದವರು. ದಶಕಗಳ ಕಾಲ ಸಿಕ್ಕಿದ್ದು ಹೆಚ್ಚಾಗಿ ಭಿಕ್ಷುಕ, ಕುಡುಕ, ಇಲ್ಲವೇ ಬಡಕಲು ಹಳ್ಳಿಗನ ಪಾತ್ರ. ತೆರೆಯ ಮೇಲೆ ಎರಡು ನಿಮಿಷ, ಒಂದು ನಗು, ಮುಗೀತು. ನಾವೂ ನಕ್ಕವರೇ. ನಮ್ಮದೇ ಮಾತು ಕೇಳಿ ನಾವೇ ನಗೋದು ಹೇಗೆ ಅಭ್ಯಾಸ ಆಯ್ತೋ ಗೊತ್ತಿಲ್ಲ.

ಅಫಜಲಪುರದಲ್ಲಿ ಅತ್ತಿ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಊಟ ಆದ ಮೇಲೆ ಹೊರಸಿನ ಮೇಲೆ ಕೂತು ಫೋನಿನಲ್ಲಿ 'ಕನಸೆಂಬೋ ಕುದುರೆಯನೇರಿ' ಹಚ್ಚಿದೆ. ಕಾಕಾ ಅದನ್ನು ನೋಡಿರಲೇ ಇಲ್ಲ! 2010ರ ಗಿರೀಶ್ ಕಾಸರವಳ್ಳಿ ಚಿತ್ರ, ಅಮರೇಶ ನುಗಡೋಣಿಯವರ 'ಸವಾರಿ' ಕಥೆ ಆಧರಿಸಿದ್ದು. ಬಿರಾದಾರ್ ಇಲ್ಲಿ ಕುಣಿ ತೋಡುವ ಈರ್ಯಾ, ಉಮಾಶ್ರೀ ಅವನ ಹೆಂಡತಿ ರುದ್ರಿ. ಸಿದ್ಧ ಕನಸಿಗೆ ಬಂದನೆಂದರೆ ಊರಲ್ಲಿ ಒಂದು ಸಾವು ಖಚಿತ ಅಂತ ಈರ್ಯಾನ ನಂಬಿಕೆ. ಒಮ್ಮೆ ಹಾಗೇ ಕನಸು ಬೀಳುತ್ತದೆ. ಆದರೆ ಗೌಡ ಸತ್ತ ಸುದ್ದಿಯನ್ನು ಮನೆಯವರು ತಮ್ಮ ಲೆಕ್ಕಾಚಾರಕ್ಕೆ ಮುಚ್ಚಿಡುತ್ತಾರೆ. ತನ್ನ ಕನಸೇ ಸುಳ್ಳಾಯಿತೆಂದು ಈರ್ಯಾ ಕಂಗಾಲಾಗುತ್ತಾನೆ.

ಅದೇ ಬಡಕಲು ಮೈ, ಅದೇ ನಡಿಗೆ, ಆದರೆ ಇಲ್ಲಿ ಯಾರೂ ನಗೋಲ್ಲ. ಕ್ಯಾಮೆರಾ ಆತನನ್ನು ಬಿಟ್ಟು ಓಡೋದಿಲ್ಲ, ಅಷ್ಟೇ ವ್ಯತ್ಯಾಸ ಅನ್ನಿಸಿತು ನನಗೆ. ಗೆಳೆಯನೊಬ್ಬ ಒತ್ತಾಯ ಮಾಡಿ ತೋರಿಸಿದ ಕುರೊಸಾವಾನ 'ಇಕಿರು' (1952) ನೆನಪಾಯ್ತು. ಅದರ ತಕಾಶಿ ಶಿಮುರಾ ಕೂಡ ನಾಟಕದಿಂದ ಬಂದವರು, ಹೆಚ್ಚಿನ ಚಿತ್ರಗಳಲ್ಲಿ ಪೋಷಕ ನಟ. ಅಲ್ಲಿ ಸಾವು ಗೊತ್ತಾದ ಸರ್ಕಾರಿ ಅಧಿಕಾರಿ, ಇಲ್ಲಿ ಸಾವಿನ ಸುದ್ದಿ ಮೊದಲೇ ತಿಳಿಯುವ ಈರ್ಯಾ. ಇಬ್ಬರೂ ಮಾತಾಡೋದಕ್ಕಿಂತ ಹೆಚ್ಚು ಬಗ್ಗಿದ ಬೆನ್ನಿನಲ್ಲೇ ಹೇಳುತ್ತಾರೆ.

ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂತು. ಬಿರಾದಾರ್‌ಗೆ ಸ್ಪೇನಿನ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. "ಆಮ್ಯಾಲ ಹೀರೊ ಪಾತ್ರ ಸಾಲಾಗಿ ಬಂದಿರಬೇಕಲ್ಲ?" ಅಂದಳು ಅತ್ತಿ. ಎಲ್ಲಿಯ ಸಾಲು! ಮತ್ತೆ ಅದೇ ಸಣ್ಣ ಸಣ್ಣ ಪಾತ್ರಗಳು. ಅವರು ಅದನ್ನೂ ಮಾಡಿಕೊಂಡೇ ಬಂದರು. ಕಾಕಾ ಫೋನ್ ಕೆಳಗಿಟ್ಟು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಸಣ್ಣ ಪಾತ್ರ ಅಂತ ನಾ ಬಿಟ್ಟೆ ಅಂದ್ಕೊಂಡಿದ್ದೆ. ಅಲ್ಲ. ಮಂದಿ ನಗ್ತಾರಂತ ಬಿಟ್ಟೆ" ಅಂದರು.

ಭೀಮಾ ದಾಟಿ ಜೇವರ್ಗಿ ತಾಲ್ಲೂಕಿಗೆ ಬಂದಾಗ ಹೊತ್ತು ಇಳಿದಿತ್ತು. ಎರಡೂ ಕಡೆ ಕರಿ ಎರೆ ಹೊಲ, ತೊಗರಿ, ಹತ್ತಿ. ಕೊನೆಯ ಮನೆಯ ಅಜ್ಜ ಪತ್ರಿಕೆ ತಗೊಂಡವರೇ ಕಾಕಾನ ಮುಖ ನೋಡಿ, "ನೀ ನಾಟಕದಾಗ ಕುಡುಕನ ಪಾತ್ರ ಮಾಡ್ತಿದ್ದಿಲ್ಲಾ?" ಅಂದರು. ಮಕ್ಕಳು ಸುತ್ತ ಸೇರಿದವು. ಕಾಕಾ ಮೊದಲು ಒಲ್ಲೆ ಅಂದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿ, ಅಂಗಳದ ಆ ತುದಿಯಿಂದ ಈ ತುದಿಗೆ ತೂರಾಡುತ್ತಾ ನಡೆದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಕಾಕಾ ಇನ್ನೊಂದು ಸುತ್ತು ಹೊಡೆದರು.

ವಾಪಸ್ ಬರುವಾಗ 2023ರಲ್ಲಿ ಬಂದ '90 ಬಿಡಿ ಮನೀಗ್ ನಡಿ' ಬಗ್ಗೆ ಹೇಳಿದೆ. ಬಿರಾದಾರ್ ಅವರ 500ನೇ ಚಿತ್ರ ಅಂತ ಪ್ರಚಾರ ಮಾಡಿದ್ದರು, ಅವರೇ ನಾಯಕ.

"ಆಗ ಅವರಿಗಿ ವಯಸ್ಸೆಷ್ಟು?"

"ಎಪ್ಪತ್ತರ ಆಸುಪಾಸು."

ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. "ನನಗ ಇನ್ನಾ ಹನ್ನೆರಡು ವರ್ಷ ಅದಾವ" ಅಂದವರು, ನಾನು ನಗುವ ಮೊದಲೇ, "ರಸ್ತೆ ನೋಡಿ ಹೊಡಿ, ಮುಂದ ಹಂಪ್ ಅದ" ಅಂದರು.