ಚಾರಿಝಾರ್ಡನ ಮೂಲೆ

ಅಂಗೈಯಗಲದ ರಟ್ಟಿನ ಚೂರೊಂದಕ್ಕೆ ಪರೀಕ್ಷೆ ಮಾಡಿಸಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಿಸೋಕೆ ಜನ ದುಡ್ಡು ಕಟ್ಟಿ ತಿಂಗಳುಗಟ್ಟಲೆ ಕಾಯ್ತಾರೆ ಅಂದರೆ ನಮ್ಮೂರಲ್ಲಿ ಯಾರೂ ನಂಬಲಿಕ್ಕಿಲ್ಲ. ನಾವೆಲ್ಲ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಕಾರ್ಡುಗಳನ್ನು ಚಡ್ಡಿ ಜೇಬಿಗೆ ತುರುಕಿಕೊಂಡು ಓಡಾಡಿದವರು. ಒಗೆಯುವ ಕಲ್ಲಿನ ಮೇಲೆ ಅವೆಷ್ಟು ಪುಡಿಯಾದವೋ ಲೆಕ್ಕವಿಲ್ಲ. ಇಲ್ಲಿ ಅಮೆರಿಕದಲ್ಲಿ ಮಕ್ಕಳು, ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರು, ಅಂಥ ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು ಪ್ಲಾಸ್ಟಿಕ್ ಕವರಿನೊಳಗೆ ಇಳಿಸುತ್ತಾರೆ. ಆಮೇಲೆ ಅದನ್ನು ಗ್ರೇಡಿಂಗ್‌ಗೆ ಕಳಿಸುತ್ತಾರೆ.

ಗ್ರೇಡಿಂಗ್ ಕಂಪನಿಯವರು ಮುಖ್ಯವಾಗಿ ನಾಲ್ಕು ಸಂಗತಿ ನೋಡುತ್ತಾರೆ. ಚಿತ್ರ ಸರಿಯಾಗಿ ನಡುವೆ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು ಬಿದ್ದಿದೆಯೇ. 1ರಿಂದ 10ರವರೆಗೆ ಅಂಕ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು, ಮತ್ತೆ ತೆರೆಯಲಾಗದಂತೆ ಬೆಸೆದು, ಮೇಲೊಂದು ಚೀಟಿ. ಈ ಪೆಟ್ಟಿಗೆಗೆ ಸ್ಲ್ಯಾಬ್ ಅನ್ನುತ್ತಾರೆ. ಒಂದೇ ಕಾರ್ಡಿಗೆ 9 ಬಂದರೆ ಒಂದು ಬೆಲೆ, 10 ಬಂದರೆ ಅದರ ಎಷ್ಟೋ ಪಟ್ಟು.

ನನ್ನ ಮಗ ಎರಡು ಬೇಸಿಗೆ ಅಕ್ಕಪಕ್ಕದ ಮನೆಗಳ ಹುಲ್ಲು ಕತ್ತರಿಸಿ ಕೂಡಿಟ್ಟ ದುಡ್ಡಲ್ಲಿ 1999ರ ಪೋಕೆಮಾನ್ ಬೇಸ್ ಸೆಟ್ಟಿನ ಚಾರಿಝಾರ್ಡ್ ಕೊಂಡಿದ್ದ. 102 ಕಾರ್ಡುಗಳ ಆ ಸೆಟ್ಟಿನಲ್ಲಿ ಅದರ ಸಂಖ್ಯೆ 4. ಮಿತ್ಸುಹಿರೊ ಅರಿತಾ ಬರೆದ ಚಿತ್ರ, ಬೆಳಕಿಗೆ ಹಿಡಿದರೆ ಹೊಳೆಯುವ ಹಿನ್ನೆಲೆ. ಗ್ರೇಡಿಂಗ್‌ಗೆ ಹೋದದ್ದು ನಾಲ್ಕೂ ಮೂಲೆ ನೆಟ್ಟಗಿದ್ದ ಕಾರ್ಡು. ವಾಪಸ್ ಬಂದದ್ದು ಎಡಗಡೆ ಕೆಳಗಿನ ಮೂಲೆ ಮಡಚಿ, ಮಡಿಕೆಯುದ್ದಕ್ಕೂ ಬಿಳಿ ಗೆರೆ ಎದ್ದ ಕಾರ್ಡು. ಚೀಟಿಯ ಮೇಲೆ 5. ಹುಡುಗ ಅಳಲಿಲ್ಲ. ಪೆಟ್ಟಿಗೆಯನ್ನು ಟೇಬಲ್ ಮೇಲೆ ಬೋರಲಾಗಿಟ್ಟು ಮೇಲೆ ಹೋದ.

ಇದು ಹೇಗಾಗುತ್ತದೆ ಅಂತ ಕೇಳಬಹುದು. ಅಲ್ಲಿ ಕಾರ್ಡು ಎಷ್ಟೋ ಕೈ ದಾಟುತ್ತದೆ. ಪಾರ್ಸೆಲ್ ಬಿಚ್ಚುವವರು, ಗುರುತು ಹಚ್ಚುವವರು, ಅಂಕ ಹಾಕುವವರು, ಪೆಟ್ಟಿಗೆ ಬೆಸೆಯುವವರು. ಬಿಗಿಯಾದ ಕವರಿನಿಂದ ಹೊರಗೆಳೆಯುವಾಗ ಮೂಲೆ ಸಿಕ್ಕಿಕೊಳ್ಳಬಹುದು, ಪೆಟ್ಟಿಗೆ ಮುಚ್ಚುವಾಗ ಅಂಚು ನಜ್ಜಾಗಬಹುದು. ಮನುಷ್ಯರ ಕೈ, ಜಾರುತ್ತದೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಅವರ ಮೊದಲ ಉತ್ತರ ಓದಿದಾಗ. ‘ಪರಿಶೀಲನೆಯ ಹೊತ್ತಿಗೆ ಕಾರ್ಡು ಯಾವ ಸ್ಥಿತಿಯಲ್ಲಿತ್ತೋ ಅದಕ್ಕೆ ತಕ್ಕ ಅಂಕ ಕೊಟ್ಟಿದ್ದೇವೆ.’ ನೋಡಿ, ಎಷ್ಟು ಜಾಣ ವಾಕ್ಯ! ಒಂದಕ್ಷರ ಸುಳ್ಳಿಲ್ಲ. ಮೂಲೆ ಮುರಿದ ಮೇಲೆ ಪರಿಶೀಲಿಸಿದರೆ 5 ಸರಿಯಾದ ಅಂಕವೇ. ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಬೆಳೆ ಎಷ್ಟು ಉಳಿದಿದೆ ಅಂತ ಅದೇ ಬೇಲಿ ಲೆಕ್ಕ ಕೊಟ್ಟ ಹಾಗೆ. (ಕಂಪನಿಯ ಹೆಸರು ಬೇಡ ಬಿಡಿ.)

ಆ ವಾರ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಚಾರಿಝಾರ್ಡ್ ಅಂದರೇನು ಅಂತ ಅವಳಿಗೆ ಗೊತ್ತಾಗಲಿಲ್ಲ, ವ್ಯವಹಾರ ಮಾತ್ರ ತಕ್ಷಣ ಗೊತ್ತಾಯಿತು. ‘ಕೊಡೋಕ್ ಮುಂಚೆ ಎದುರಿಗೆ ತೂಕ ಹಾಕ್ಸಿದ್ಯೇನೋ?’ ಅಂದಳು. ಬಳೆ ಅಳಿಸಿ ಸರ ಮಾಡಿಸುವಾಗ ಅಕ್ಕಸಾಲಿಯ ತಕ್ಕಡಿಯಿಂದ ಕಣ್ಣು ತೆಗೆಯದವಳು ಅವಳು. ಆಚಾರರ ಮೇಲೆ ಅನುಮಾನವೇನಿಲ್ಲ, ಅವರ ಮಗಳ ಮದುವೆಗೆ ಹೋಗಿ ಬಂದವಳು. ಆದರೂ ತೂಕ ಚೀಟಿಯಲ್ಲಿ ಬರೆಸಿಕೊಳ್ಳದೆ ಅಂಗಡಿ ಮೆಟ್ಟಿಲು ಇಳಿಯುತ್ತಿರಲಿಲ್ಲ.

‘ಹಾಕ್ಸಿದ್ದೆ ಅಮ್ಮ’ ಅಂದೆ. ಅವಳ ಮಗನಲ್ಲವೇ. ಕಳಿಸುವ ಮುಂಚೆ ಕಾರ್ಡಿನ ಎರಡೂ ಮುಖ ಸ್ಕ್ಯಾನ್ ಮಾಡಿ, ನಾಲ್ಕು ಮೂಲೆಗಳ ಫೋಟೊ ಬೇರೆಬೇರೆಯಾಗಿ, ಓರೆಯಾಗಿ ಬೆಳಕು ಬಿಟ್ಟು ತೆಗೆದಿದ್ದೆವು. ಕವರಿಗೆ ಹಾಕಿ ಡಬ್ಬಿ ಅಂಟಿಸುವವರೆಗೂ ಒಂದೇ ವಿಡಿಯೊ. ವಾಪಸ್ ಬಂದ ಪಾರ್ಸೆಲ್ ಬಿಚ್ಚಿದ್ದೂ ಕ್ಯಾಮೆರಾ ಎದುರೇ. ನೀವೂ ಕಳಿಸುವವರಾದರೆ ಇಷ್ಟು ಮಾಡಿ. ಫಾರಂನಲ್ಲಿ ಕಾರ್ಡಿನ ಬೆಲೆ ನಿಜವಾದದ್ದೇ ಬರೆಯಿರಿ, ಶುಲ್ಕ ಉಳಿಸೋಕೆ ಕಡಿಮೆ ಬರೆದರೆ ಪರಿಹಾರದ ಮಾತು ಬಂದಾಗ ಅದೇ ಅಂಕಿ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಸಿಟ್ಟಿನಲ್ಲಿ ಸ್ಲ್ಯಾಬ್ ಒಡೆಯಬೇಡಿ. ಒಡೆದಿರೋ, ಏಟು ಬಿದ್ದದ್ದು ನಿಮ್ಮ ಮನೆಯಲ್ಲೇ ಅನ್ನುವುದಕ್ಕೆ ಅವರಿಗೆ ದಾರಿಯಾಯಿತು.

ಫೋಟೊ, ವಿಡಿಯೊ ಎಲ್ಲ ಕಳಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ಕಾರ್ಡು ತರಿಸಿಕೊಂಡು ನೋಡಿದರು, ತಪ್ಪು ಒಪ್ಪಿಕೊಂಡರು. ಆಗ ಇನ್ನೊಂದು ಗಂಟು. ಏಟು ಬೀಳದಿದ್ದರೆ ಎಷ್ಟು ಅಂಕ ಬರುತ್ತಿತ್ತು? ನಾವು 9 ಅಂದೆವು, ಅವರು 8 ಅಂದರು. ನಿಜ ಹೇಳಬಲ್ಲವರು ಜಗತ್ತಿನಲ್ಲಿ ಅವರೊಬ್ಬರೇ, ದುಡ್ಡು ಕೊಡಬೇಕಾದವರೂ ಅವರೇ. 8ಕ್ಕೇ ನಿಂತಿತು.

ಪೆಟ್ಟಿಗೆಯ ಮೇಲಿನ ಅಂಕೆಗೆ ಈ ಲೋಕದಲ್ಲಿ ಎಂಥ ಬಲ ಅನ್ನುವುದಕ್ಕೆ ಒಂದು ಹಳೆಯ ಕಾರ್ಡಿನ ಕಥೆ ಕೇಳಿ. 1909-11ರಲ್ಲಿ ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡು ಅದು. 1991ರಲ್ಲಿ ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ ಸೇರಿ ಅದರ ಒಂದು ಪ್ರತಿಯನ್ನು 4,51,000 ಡಾಲರಿಗೆ ಕೊಂಡ. ಅದಕ್ಕೆ ಸಿಕ್ಕ ಅಂಕ 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಹಿಂದೆ ಆ ಕಾರ್ಡನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೊ, ಅದರ ಅಂಚು ಕತ್ತರಿಸಿದ್ದು ತಾನೇ ಅಂತ 2013ರಲ್ಲಿ ಒಪ್ಪಿಕೊಂಡ. ಅಂಚು ಕತ್ತರಿಸಿದ ಕಾರ್ಡಿಗೆ ಅಂಕವೇ ಕೊಡಬಾರದು ಅನ್ನುವುದು ಈ ವ್ಯವಹಾರದ ನಿಯಮ. ಆದರೂ ಇಷ್ಟೆಲ್ಲ ವರ್ಷ ಎಲ್ಲರೂ ನಂಬಿದ್ದು ಚೀಟಿಯ ಮೇಲಿನ 8ನ್ನೇ.

ನಮ್ಮ ವಿಷಯಕ್ಕೆ ಬರುತ್ತೇನೆ. ಕಂಪನಿ ಎರಡು ದಾರಿ ತೋರಿಸಿತು. 8 ಅಂಕದ ಕಾರ್ಡಿಗೆ ಪೇಟೆಯಲ್ಲಿರುವ ಪೂರ್ತಿ ಬೆಲೆ ಕೊಡುತ್ತೇವೆ, ಕಾರ್ಡು ನಮಗೆ. ಇಲ್ಲವೇ 5ಕ್ಕೂ 8ಕ್ಕೂ ಇರುವ ವ್ಯತ್ಯಾಸ ಕೊಡುತ್ತೇವೆ, ಕಾರ್ಡು ನಿಮಗೆ. ನಾನು ಮೊದಲನೆಯದೇ ಸರಿ ಅಂದೆ. ಪೂರ್ತಿ ದುಡ್ಡಲ್ಲಿ ಮೂಲೆ ನೆಟ್ಟಗಿರುವ ಇನ್ನೊಂದು ಬರುತ್ತದಲ್ಲ. ಮಗ ಒಪ್ಪಲಿಲ್ಲ.

‘ಮೂಲೆ ಮಡಚಿದ್ದು ಅವರು. ಉಳಿದದ್ದೆಲ್ಲ ನಂದೇ ಅಲ್ವಾ ಅಪ್ಪ?’

ಲೆಕ್ಕ ಹಾಕಿ ನೋಡಿದರೆ ಎರಡೂ ದಾರಿಯಲ್ಲಿ ಮೊತ್ತ ಒಂದೇ. ದುಡ್ಡಿನ ವಿಷಯಕ್ಕೆ ಅವನನ್ನು ಸೋಲಿಸಲು ನನ್ನ ಬಳಿ ಏನೂ ಇರಲಿಲ್ಲ. ವ್ಯತ್ಯಾಸದ ಚೆಕ್ಕು ಬಂತು, ಕಾರ್ಡೂ ಬಂತು. ಚೆಕ್ಕು ಬ್ಯಾಂಕಿಗೆ ಹೋಗಿ ಜಮೆಯಾದ ಮರುದಿನ ಅವನು ನನ್ನ ಇಕ್ಕಳ ಕೇಳಿದ. ಸ್ಲ್ಯಾಬಿನ ಮೂಲೆಯನ್ನು ಮೆಲ್ಲಗೆ ಒಡೆದು, ಕಾರ್ಡು ಹೊರತೆಗೆದು, ತನ್ನ ಹಳೆಯ ಆಲ್ಬಮ್ಮಿನ ಮೊದಲ ಪುಟಕ್ಕೆ ಸೇರಿಸಿದ. 5 ಅಂತ ಬರೆದ ಚೀಟಿ ಕಸದ ಬುಟ್ಟಿಗೆ ಹೋಯಿತು.