ಕೂಲಿ ಇಳಿಸುವೆವೆಂಬ ಪತ್ರ ಬಂದಾಗ

2024ರ ಕಾರ್ತಿಕ ಮಾಸದ ಒಂದು ಸಂಜೆ ನನಗೊಂದು ಪತ್ರ ಬಂದಿತು. ಪತ್ರವೆಂದರೆ ಕಾಗದವಲ್ಲ, ಈಗಿನ ಪದ್ಧತಿಯಂತೆ ಗಣಕಯಂತ್ರದ ಪರದೆಯ ಮೇಲೆ ಮೂಡಿದ ಹತ್ತು ಹನ್ನೆರಡು ಇಂಗ್ಲಿಷ್ ಸಾಲುಗಳು. ಅಧ್ಯಾಪನದಿಂದ ನಿವೃತ್ತನಾದ ಮೇಲೆ ನಾನು ಒಂದು ಭಾಷಾಂತರ ಸಂಸ್ಥೆಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತಿದ್ದೆ. ನೌಕರಿಯಲ್ಲ, ಬಿಡಿ ಕೆಲಸ. ಮೂಲದ ಪದವೊಂದಕ್ಕೆ ಒಂದೂವರೆ ರೂಪಾಯಿ. ಡಿಸೆಂಬರಿನಿಂದ ಅದು 60 ಪೈಸೆಯಾಗುವುದೆಂದೂ, ಮೊದಲ ಕರಡನ್ನು ಯಂತ್ರವೇ ಸಿದ್ಧಪಡಿಸುವುದರಿಂದ ನಾವು ಅದನ್ನು ಸ್ವಲ್ಪ ತಿದ್ದಿದರೆ ಸಾಕೆಂದೂ, ಗಂಟೆಯ ಸಂಪಾದನೆ ಇದರಿಂದ ಹೆಚ್ಚುವುದೇ ಹೊರತು ಕಡಿಮೆಯಾಗದೆಂದೂ, ಒಪ್ಪಿಗೆಯನ್ನು ಮೂರು ದಿನಗಳೊಳಗೆ ತಿಳಿಸಬೇಕೆಂದೂ ಅದರಲ್ಲಿತ್ತು.

ನಾನು ಆ ರಾತ್ರಿಯೇ ಒಪ್ಪಿಗೆ ಬರೆದುಬಿಟ್ಟೆ.

ಹಾಗೇಕೆ ಮಾಡಿದೆನೆಂಬುದನ್ನು ಮುಚ್ಚಿಡದೆ ಹೇಳಬೇಕು. ನಾನು ಬೆಳೆದದ್ದು ಮಠದ ಉಚಿತ ಪ್ರಸಾದನಿಲಯದಲ್ಲಿ. ಅನ್ನ, ಅಕ್ಷರ, ವಸ್ತ್ರ ಮೂರೂ ಅಲ್ಲಿಯೇ ದೊರೆತವು. ಕೊಟ್ಟದ್ದನ್ನು ಎಣಿಸದೆ ತೆಗೆದುಕೊಳ್ಳುವುದು ನಮ್ಮ ಸಂಸ್ಕಾರವಾಗಿತ್ತು. ಪುರಾಣ ಪ್ರವಚನ ಮುಗಿದ ಮೇಲೆ ತಟ್ಟೆಯಲ್ಲಿಟ್ಟ ಕಾಣಿಕೆಯನ್ನು ಬಿಚ್ಚಿ ನೋಡುವುದು ಅಸಭ್ಯತೆ ಎನಿಸುತ್ತಿತ್ತು. ಆ ಅಭ್ಯಾಸ ಅರವತ್ತು ದಾಟಿದರೂ ನನ್ನನ್ನು ಬಿಟ್ಟಿಲ್ಲ. ಅದಲ್ಲದೆ ನನಗೆ ನಿವೃತ್ತಿ ವೇತನ ಬರುತ್ತದೆ. ಪದಕ್ಕೆ 60 ಪೈಸೆಯಾದರೇನು, ಕಾಯಕವೆಂದು ಮಾಡೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕಾಯಕವೆಂಬ ದೊಡ್ಡ ಮಾತನ್ನು ನನ್ನ ಸಂಕೋಚಕ್ಕೆ ಹೊದಿಕೆಯಾಗಿ ಬಳಸಿಕೊಂಡೆನೆಂದು ಆಗ ತೋಚಲಿಲ್ಲ.

2025ರ ಯುಗಾದಿ ಕಳೆದ ಮರುವಾರ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ಪತಿಯನ್ನು ಕಳೆದುಕೊಂಡವಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ, ಕನ್ನಡ ಎಂ.ಎ. ಓದಿದವಳು. ನನ್ನ ಶಿಫಾರಸಿನ ಮೇಲೆಯೇ ಅವಳಿಗೆ ಆ ಸಂಸ್ಥೆಯ ಕೆಲಸ ದೊರೆತಿತ್ತು. ನನಗೆ ಅದು ಸಂಜೆಯ ಹವ್ಯಾಸ, ಅವಳಿಗೆ ಮನೆಯ ಬಾಡಿಗೆ. ಕುಳಿತವಳೇ, “ಅಜ್ಜಾರ, ನೀವು ಅರವತ್ತು ಪೈಸೆಕ್ಕ ಒಪ್ಪೀರಂತ, ಖರೇ ಏನ್ರಿ?” ಎಂದಳು. ಅವಳು ಹೊಸ ದರಕ್ಕೆ ಒಪ್ಪದೆ ನಾಲ್ಕು ತಿಂಗಳು ವಾದಿಸಿದ್ದಳಂತೆ. ಕಡೆಗೆ ಅವರು, ಅಷ್ಟು ಹಿರಿಯ ವಿದ್ವಾಂಸರೇ ಒಪ್ಪಿರುವಾಗ ನಿಮ್ಮದೇನು ತಕರಾರು ಎಂದು ಕೇಳಿದ್ದರು. ನನ್ನ ಒಪ್ಪಿಗೆ ನನ್ನೊಬ್ಬನ ಔದಾರ್ಯವಾಗಿ ಉಳಿದಿರಲಿಲ್ಲ. ಅವಳ ಮಕ್ಕಳ ತುತ್ತನ್ನು ಅಳೆಯುವ ಸೇರಾಗಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಮಾಡಿ ತರಲು ಮನೆಯವರಿಗೆ ಹೇಳಿ ಸುಮ್ಮನೆ ಕುಳಿತೆ.

ಆಗ ನೆನಪಾದದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯ. ವಿದ್ಯಾರ್ಥಿ ದೆಸೆಯಲ್ಲಿ, ಮುಂದೆ ಕೆಲಸ ಸಿಕ್ಕ ಮೇಲೂ ರಜೆಯ ದಿನಗಳಲ್ಲಿ, ನಾನಲ್ಲಿ ಫಾರಮಿಗೆ ಇಷ್ಟೆಂದು ಕರಡು ತಿದ್ದುತ್ತಿದ್ದೆ. ಮೊಳೆ ಜೋಡಿಸುವ ಕಾಲ ಹೋಗಿ ಡಿ.ಟಿ.ಪಿ. ಬಂದಾಗ, ಕಂಪ್ಯೂಟರು ತಪ್ಪು ಮಾಡುವುದಿಲ್ಲ, ಇನ್ನು ಫಾರಮಿಗೆ ಅರ್ಧ ಕೂಲಿ ಎಂದು ಮಾಲೀಕರು ಸಾರಿದರು. ನಮ್ಮೊಡನಿದ್ದ ಹಿರಿಯ ಕರಡು ತಿದ್ದುಗರು ಜಗಳವಾಡಲಿಲ್ಲ. ಹಳೆಯ ಹತ್ತು ಫಾರಮು, ಹೊಸ ಹತ್ತು ಫಾರಮುಗಳನ್ನು ಮೇಜಿನ ಮೇಲಿಟ್ಟು ಕೆಂಪು ಗುರುತುಗಳನ್ನು ಎಣಿಸಲು ಹೇಳಿದರು. ಆರಂಭದ ಕನ್ನಡ ಅಕ್ಷರ ವಿನ್ಯಾಸಗಳಲ್ಲಿ ಒತ್ತಕ್ಷರಗಳು ಸ್ಥಾನ ತಪ್ಪುತ್ತಿದ್ದವು. ಸಾಲಿನ ಕೊನೆಯಲ್ಲಿ ಪದಗಳು ಎಲ್ಲೆಂದರಲ್ಲಿ ಮುರಿಯುತ್ತಿದ್ದವು. ಹೊಸ ಫಾರಮುಗಳಲ್ಲಿಯೇ ಗುರುತು ಹೆಚ್ಚಾಗಿದ್ದವು. ಕೂಲಿ ಹಾಗೆಯೇ ಉಳಿಯಿತು, ಕೆಲವು ವರ್ಷಗಳ ಮಟ್ಟಿಗಾದರೂ.

ಅದೇ ದಾರಿ ಹಿಡಿದೆವು. ಅವಳೂ ನಾನೂ ಒಂದೊಂದು ನೋಟುಪುಸ್ತಕವಿಟ್ಟು ಎರಡು ವಾರ ಕಾಲ ಗಡಿಯಾರ ನೋಡಿ ಬರೆದೆವು. ಹಿಂದೆ ಗಂಟೆಗೆ ಸುಮಾರು 250 ಪದ ಅನುವಾದಿಸಿದರೆ 375 ರೂಪಾಯಿ. ಸಂಸ್ಥೆಯ ಲೆಕ್ಕದಲ್ಲಿ ಯಂತ್ರದ ಕರಡನ್ನು ಗಂಟೆಗೆ 700 ಪದ ತಿದ್ದಬಹುದು, 420 ರೂಪಾಯಿ ಬರಬೇಕು. ನಮ್ಮ ಪುಸ್ತಕದಲ್ಲಿ ಔಷಧದ ಕರಪತ್ರ, ವಿಮೆಯ ನಿಬಂಧನೆ, ಕರಾರುಪತ್ರಗಳಿಗೆ ಬಂದ ಸಂಖ್ಯೆ 350. ಎಂದರೆ 210 ರೂಪಾಯಿ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಮಿಕ್ಸರು, ಪಂಖಗಳ ಬಳಕೆಯ ಕೈಪಿಡಿಗಳಲ್ಲಿ ಒಂದೇ ಬಗೆಯ ಸಣ್ಣ ವಾಕ್ಯಗಳು ಮರಳಿ ಮರಳಿ ಬರುತ್ತವೆ. ಅಲ್ಲಿ ಯಂತ್ರ ನಿಜವಾಗಿ ನೆರವಾಗಿತ್ತು. 600 ಪದ ಸಾಗಿದ್ದವು. ಸಂಸ್ಥೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲವೆಂದು ಆಗ ತಿಳಿಯಿತು. ಕೋಪದಲ್ಲಿ ಉತ್ತರ ಬರೆದಿದ್ದರೆ ಇದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಗೂಗಲ್ ಅನುವಾದದಲ್ಲಿ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ಅದರ ಕನ್ನಡವನ್ನು ಓದಿ ನಾವೆಲ್ಲ ನಕ್ಕಿದ್ದುಂಟು. 2017ರಲ್ಲಿ ನರಜಾಲದ ಪದ್ಧತಿ ಕನ್ನಡಕ್ಕೂ ಬಂದ ಮೇಲೆ ವಾಕ್ಯಗಳು ನಯವಾಗಿ ಹರಿಯತೊಡಗಿದವು. ತೊಡಕು ಇರುವುದು ಆ ನಯದಲ್ಲಿಯೇ. ಹಿಂದಿನ ತಪ್ಪು ಕಣ್ಣಿಗೆ ರಾಚುತ್ತಿತ್ತು. ಈಗಿನದು ಸೊಗಸಾದ ವಾಕ್ಯದೊಳಗೆ ಅಡಗಿರುತ್ತದೆ. ಮೂಲವನ್ನು ಪೂರ್ತಿ ಓದದೆ ಹಿಡಿಯಲಾಗದು. ಮುಲಾಮನ್ನು ದಿನಕ್ಕೆರಡು ಬಾರಿ ಹಚ್ಚಬೇಕೆಂಬ ಸೂಚನೆ ನನ್ನ ಮೇಜಿಗೆ ಬಂದಾಗ ದಿನಕ್ಕೆರಡು ಬಾರಿ ಅರ್ಜಿ ಸಲ್ಲಿಸಬೇಕೆಂದಿತ್ತು. ಅದು ನಗೆಯ ತಪ್ಪು, ಸಿಕ್ಕಿಬಿದ್ದಿತು. ಊಟದ ಮೊದಲು ಎಂಬುದು ಅನಂತರ ಎಂದಾಗಿದ್ದರೆ ವ್ಯಾಕರಣ ಏನೂ ದೂರು ಹೇಳುತ್ತಿರಲಿಲ್ಲ. ಆ ಮಾತ್ರೆಯನ್ನು ನುಂಗುವವರು ನಮ್ಮ ನಿಮ್ಮ ಮನೆಯ ಹಿರಿಯರು.

ದರವನ್ನು ನೇರವಾಗಿ ಇಳಿಸದೆಯೂ ಇಳಿಸಬಹುದೆಂಬುದನ್ನು ನಾನು ತಡವಾಗಿ ಕಲಿತೆ. ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಿಡಿ ಪದಗಳಾಗುವ ಮಾತು ನಮ್ಮಲ್ಲಿ ‘ಮನೆಗಳೊಳಗಿನಿಂದ’ ಎಂದು ಒಂದೇ ಪದವಾಗುತ್ತದೆ. ಆದುದರಿಂದ ಮೂಲದ ಪದಗಳ ಬದಲು ಅನುವಾದದ ಪದಗಳನ್ನು ಎಣಿಸುವೆವೆಂದು ಕರಾರಿನಲ್ಲಿ ಒಂದು ಮಾತು ಬದಲಾಯಿಸಿದರೆ ಸಾಕು. ನನ್ನ ಹಾಳೆಗಳಲ್ಲಿ ಸಾವಿರ ಪದದ ಕೆಲಸ ಏಳುನೂರರ ಆಸುಪಾಸಿಗೆ ಇಳಿದಿತ್ತು. ಹಿಂದೆ ಅನುವಾದಿಸಿದ ವಾಕ್ಯವನ್ನು ಹೋಲುವುದಕ್ಕೆ ಅರ್ಧ ದರ ಎನ್ನುವುದು, ಎರಡನೆಯ ಸಲದ ತಿದ್ದುಪಡಿಗೆ ಏನೂ ಕೊಡದಿರುವುದು, 30 ದಿನದಲ್ಲಿ ಬರುತ್ತಿದ್ದ ಹಣವನ್ನು 90 ದಿನಕ್ಕೆ ಮುಂದೂಡುವುದು, ಇವೆಲ್ಲ ಒಂದೇ ಕುಟುಂಬದವು. ಕೊನೆಯದಕ್ಕೆ ಕಾನೂನಿನ ಆಸರೆ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯ ಕೆಲಸವನ್ನು ಸ್ವೀಕರಿಸಿದವರು, ಬರೆದ ಕರಾರು ಏನೇ ಇರಲಿ, 45 ದಿನ ಮೀರದಂತೆ ಹಣ ಕೊಡತಕ್ಕದ್ದು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮನೆಯಲ್ಲಿ ಒಬ್ಬರೇ ಕುಳಿತು ಸೇವೆ ಒದಗಿಸುವವರೂ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಬಹುದು, ಶುಲ್ಕವಿಲ್ಲ. ಕೆಲಸ ಕೈಗೊಳ್ಳುವ ಮೊದಲೇ ಮಾಡಿಸಿರುವುದು ಕ್ಷೇಮ. ಆದರೆ ಪದಕ್ಕೆ ಇಷ್ಟೇ ಕೊಡಬೇಕೆಂದು ಈ ಕಾಯಿದೆ ಹೇಳುವುದಿಲ್ಲ. ಅದನ್ನು ನಾವೇ ಮಾತನಾಡಿ ಗಳಿಸಬೇಕು.

ಮಾತನಾಡಲು ನನಗಿದ್ದ ಅಡ್ಡಿ ಮಾತ್ರ ಕಾನೂನಿನದಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತು. ಅದನ್ನು ಹೇಳುವಾಗಲೆಲ್ಲ ನಾನು ‘ಕಡಿಮೆಯೇ ಲೇಸು’ ಎಂಬ ದನಿಯಲ್ಲಿ ಹೇಳುತ್ತಿದ್ದೆ. ಆ ವಾರ ಮತ್ತೆ ಯೋಚಿಸಿದೆ. ಆಕೆ ಹಿಂದಿರುಗಿಸಿದ್ದು ಅಂದಂದಿನ ಅಳತೆಗೆ ಮೀರಿದ ಅಕ್ಕಿಯನ್ನು. ಅಳತೆಯ ಅಕ್ಕಿಯನ್ನು ಬಿಟ್ಟು ಬಾ ಎಂದು ಆಕೆ ಗಂಡನಿಗೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಂಗಮ ದಾಸೋಹ ನಡೆಯುವುದಾದರೂ ಹೇಗೆ?

ಏಪ್ರಿಲ್ ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ, ಒಂದೇ ದಿನ ಪತ್ರ ಬರೆದೆವು. ಕೈಯಲ್ಲಿದ್ದ ಕೆಲಸವನ್ನು ಒಪ್ಪಿದ ದರದಲ್ಲಿಯೇ ಮುಗಿಸಿಕೊಟ್ಟಿದ್ದೆವು. ಅದನ್ನು ನಡುವೆ ಬಿಡುವುದು ಸರಿಯೆನಿಸಲಿಲ್ಲ. ನಮ್ಮ ಎರಡು ವಾರದ ಲೆಕ್ಕವನ್ನು ಜೊತೆಗಿಟ್ಟು, ಕೈಪಿಡಿಗಳಿಗೆ 75 ಪೈಸೆ ಸಾಕೆಂದೂ, ವೈದ್ಯಕೀಯ ಮತ್ತು ಕಾನೂನು ಬರಹಗಳನ್ನು ಹಳೆಯ ದರಕ್ಕೆ ಮಾತ್ರ ಮಾಡುವೆವೆಂದೂ, ಹಣವೇ ಕಡಿಮೆಯಿದ್ದರೆ ಎರಡನೆಯ ಓದು, ಪುಟ ಜೋಡಣೆಗಳನ್ನು ನಮ್ಮಿಂದ ತೆಗೆದುಹಾಕಬಹುದೆಂದೂ ತಿಳಿಸಿದೆವು. ನನ್ನ ಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ನನ್ನ ಹಿಂದಿನ ಒಪ್ಪಿಗೆಯನ್ನು ಬೇರೆ ಯಾರ ಮುಂದೆಯೂ ಉದಾಹರಿಸಬಾರದು.

ಏಳು ವಾರ ಉತ್ತರವಿಲ್ಲ, ಕೆಲಸವೂ ಇಲ್ಲ. ನನಗೇನೂ ಆಗಲಿಲ್ಲ. ಅವಳು ಮನೆಪಾಠ ಹೇಳಿ ಬಾಡಿಗೆ ಕಟ್ಟಿದಳು. ಆ ದಿನಗಳಲ್ಲಿ ಅವಳ ಮನೆಯ ಮುಂದೆ ಹಾಯುವಾಗ ನನ್ನ ಹೆಜ್ಜೆ ತಾನಾಗಿ ಚುರುಕಾಗುತ್ತಿತ್ತು. ಮೂರು ತಿಂಗಳ ಖರ್ಚು ಕೈಯಲ್ಲಿಲ್ಲದವರಿಗೆ ಇಂಥ ಪತ್ರ ಬರೆಯಲು ಸಲಹೆ ಕೊಡುವುದು ಸುಲಭ, ಬರೆಯುವುದು ಕಷ್ಟ. ಒಬ್ಬರೇ ಗಿರಾಕಿಯನ್ನು ನಂಬಿ ಕುಳಿತವರಿಗಂತೂ ಇನ್ನೂ ಕಷ್ಟ. ಆ ಬಿಡುವಿನಲ್ಲಿ ಅವಳು ಒಂದು ಔಷಧ ತಯಾರಕ ಕಂಪನಿಗೆ ನೇರವಾಗಿ ಬರೆದು ಕೆಲಸ ಸಂಪಾದಿಸಿದಳು. ಆಷಾಢದಲ್ಲಿ ಸಂಸ್ಥೆಯವರ ಉತ್ತರ ಬಂದಿತು. ಕೈಪಿಡಿಗೆ 75 ಪೈಸೆಯನ್ನು ಒಪ್ಪಿದ್ದರು. ವೈದ್ಯಕೀಯಕ್ಕೆ ಒಂದು ರೂಪಾಯಿ ಇಪ್ಪತ್ತು ಎಂದಿದ್ದರು. ಅವಳು ಕೈಪಿಡಿಗಳನ್ನಷ್ಟೇ ಒಪ್ಪಿಕೊಂಡಳು. ನಾನು ಆ ಸಂಸ್ಥೆಯ ಕೆಲಸವನ್ನೇ ಬಿಟ್ಟೆ.

ಎಲ್ಲ ಇಳಿಕೆಯೂ ಅನ್ಯಾಯವಲ್ಲ. ನಮ್ಮ ಕಡೆಯ ಸಣ್ಣ ಪ್ರಕಾಶಕರೊಬ್ಬರು ತಮ್ಮ ಖಾತೆಯ ಪುಸ್ತಕವನ್ನೇ ತೆರೆದು ತೋರಿಸಿ, ಈ ಒಂದು ವರ್ಷ ಕಡಿಮೆ ಕೊಡುತ್ತೇನೆಂದು ಕೇಳಿದರು. ಅವಧಿಯನ್ನು ಕಾಗದದ ಮೇಲೆ ಬರೆಸಿಕೊಂಡು ಸಂತೋಷದಿಂದಲೇ ಒಪ್ಪಿದ್ದೇನೆ. ಈಗ ನನ್ನ ಬಿಲ್ಲುಗಳನ್ನು ಕಳುಹಿಸುವ ಮೊದಲು ಆ ಹೆಣ್ಣುಮಗಳೇ ಒಮ್ಮೆ ನೋಡಿಕೊಡುತ್ತಾಳೆ. ಮೊನ್ನೆ ಒಂದನ್ನು ಹಿಂದಿರುಗಿಸಿದಳು. ಹಣ ಸಲ್ಲಬೇಕಾದ ದಿನಾಂಕವನ್ನು ನಾನು ಹಾಕಿರಲಿಲ್ಲ.