ಗುಂಗುರು ಕೂದಲಿನ ‘ಕ್ರಿಸ್ಪ್’

ಕಾದ ಎಣ್ಣೆಗೆ ಬಿಟ್ಟ ಹಪ್ಪಳ ಅಂಚೆಲ್ಲ ಸುರುಳಿಯಾಗಿ ಮೇಲೆದ್ದು ಬರುವುದನ್ನು ನೋಡಿದರೆ ಇಂಗ್ಲಿಷಿನ ‘ಕ್ರಿಸ್ಪ್’ ಪದದ ಚರಿತ್ರೆಯೇ ಕಣ್ಣಿಗೆ ಬಿದ್ದಂತೆ. ಲ್ಯಾಟಿನ್ನಿನ ‘ಕ್ರಿಸ್ಪುಸ್’ ಅಂದರೆ ಗುಂಗುರು. ಹಳೆಯ ಇಂಗ್ಲಿಷಿನಲ್ಲೂ ಅದು ಕೂದಲಿಗೆ ಹೇಳುವ ಮಾತು, ತಿಂಡಿಗಲ್ಲ!

ಗರಿಗರಿ ಎಂಬ ಅರ್ಥ ಅಂಟಿಕೊಂಡದ್ದು 16ನೇ ಶತಮಾನದಲ್ಲಿ. ತೆಳ್ಳಗಿನ ಪದಾರ್ಥ ಕಾದಾಗ ಮುದುರಿ ಬಿರುಸಾಗುತ್ತದಲ್ಲ, ಅದೇ ಕಾರಣವಿರಬೇಕು ಎಂಬ ಊಹೆಯುಂಟು. ಹಪ್ಪಳ ಕರಿದವರು ಇದನ್ನು ಸಲೀಸಾಗಿ ಒಪ್ಪುತ್ತಾರೆ.

ಗರಿಗರಿಯಲ್ಲಿ ಕಿವಿಯ ಪಾಲೂ ದೊಡ್ಡದು. ಆಕ್ಸ್‌ಫರ್ಡಿನ ಸಂಶೋಧಕರಾದ ಚಾರ್ಲ್ಸ್ ಸ್ಪೆನ್ಸ್ ಮತ್ತು ಝಾಂಪಿನಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಡ್‌ಫೋನಿನಲ್ಲಿ ಕಡಿಯುವ ಸದ್ದು ಹೆಚ್ಚಿಸಿದಾಗ ಅದೇ ಚಿಪ್ಸ್ ಇನ್ನಷ್ಟು ಗರಿಗರಿ ಅನ್ನಿಸಿತ್ತು.

ಗರಿಗರಿ ಅಂದಾಕ್ಷಣ ನಿಮ್ಮ ಕಿವಿಗೆ ಮೊದಲು ಕೇಳಿಸುವುದು ಯಾವ ತಿಂಡಿ? ಹೇಳಿ.